ನೇತ್ರಾವತಿಗೆ ಇನ್ನೊಂದು ಸೇತುವೆ ಬಂದರೆ ಟ್ರಾಫಿಕ್ ಕಡಿಮೆ ಆಗುತ್ತಾ?

ಪ್ರಶ್ನೆ: ಸರ್, ನಮಸ್ಕಾರ. ನಾನು ಮಂಗಳೂರಿನ ಒಂದು ಹೈಸ್ಕೂಲಿನಲ್ಲಿ ಟೀಚರ್. ಮನೆ ನೇತ್ರಾವತಿಯ ದಕ್ಷಿಣ ದಡದಲ್ಲಿ, ಕಲ್ಲಾಪು ಹತ್ತಿರ. ಬೆಳಿಗ್ಗೆ ಬಸ್ಸು ಸೇತುವೆ ಮೇಲೆ ನಿಂತರೆ ಮುಗೀತು, ಪಂಪ್‌ವೆಲ್ ಜಂಕ್ಷನ್ ಮುಟ್ಟುವಾಗ ಶಾಲೆಯ ಮೊದಲ ಬೆಲ್ ಆಗಿರುತ್ತದೆ. ನಿಂತ ಬಸ್ಸಿನ ಪಕ್ಕದಲ್ಲಿ ಲಾರಿ ಹೋದರೆ ಸೇತುವೆ ನಡುಗುವುದು ಕಾಲಿಗೆ ಗೊತ್ತಾಗುತ್ತದೆ. ಕಾರವಾರದ ಕಾಳಿ ಸೇತುವೆ ಬಿದ್ದ ಮೇಲಂತೂ ಹೆದರಿಕೆ ಜಾಸ್ತಿ. ಹೊಸ ಸೇತುವೆ ಬೇಕು ಅಂತ ಊರಲ್ಲಿ ಎಲ್ಲರೂ ಹೇಳುತ್ತಾರೆ. ಹಳೆಯದನ್ನೇ ಅಗಲ ಮಾಡಿದರೆ ಸಾಕು ಅಂತ ಕೆಲವರು. ಉಳ್ಳಾಲದ ಕೋಟೆಪುರದಿಂದ ನಗರದ ಬೋಳಾರಕ್ಕೆ ಹೊಸದು ಆಗಲಿ ಅಂತ ಇನ್ನು ಕೆಲವರು. ಹೊಳೆಗೆ ಕಂಬ ಹಾಕಿದಷ್ಟೂ ನೆರೆ ಹೆಚ್ಚು ಅಂತ ನಮ್ಮ ಅತ್ತೆ. ಅವರು 1974ರ ಬೊಳ್ಳ, ಅಂದರೆ ದೊಡ್ಡ ನೆರೆ, ನೋಡಿದವರು. ಆಗ ನೀರು ಜಗಲಿ ಹತ್ತಿತ್ತಂತೆ, ಮನೆಯ ಮರದ ಕಂಬದಲ್ಲಿ ಅದರ ಗೀಟು ಈಗಲೂ ಇದೆ. ನಮ್ಮದು ಹತ್ತು ಸೆಂಟ್ಸ್ ತೆಂಗಿನ ತೋಟ, ಹೊಳೆಬದಿಯಲ್ಲೇ. ಸೇತುವೆ ಬಂದರೆ ನಿಜವಾಗಿ ಟ್ರಾಫಿಕ್ ಕಡಿಮೆ ಆಗುತ್ತಾ? ನಮ್ಮ ಜಾಗ ಉಳಿಯುತ್ತಾ? ಮೀಟಿಂಗ್ ಕರೆದರೆ ನಾವು ಏನು ಕೇಳಬೇಕು?

ಉತ್ತರ: ಟೀಚರ್, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಸೇತುವೆ ಕೆಲಸದಲ್ಲೇ ತಲೆ ನರೆತವನು ನಾನು. ಇಷ್ಟು ಸರಿಯಾಗಿ ಕೇಳಿದ ಪ್ರಶ್ನೆ ಕಚೇರಿಯ ಫೈಲುಗಳಲ್ಲೂ ನೋಡಿದ್ದು ಕಡಿಮೆ. ನೀವು ಕೇಳಿರುವುದು ಮೂರು ಬೇರೆ ಬೇರೆ ವಿಷಯ: ಈಗಿರುವ ಸೇತುವೆ ಗಟ್ಟಿಯಿದೆಯಾ, ಹೊಸದು ಬಂದರೆ ದಾರಿ ಸಲೀಸಾಗುತ್ತಾ, ಬಂದರೆ ಹೊಳೆಬದಿಯವರ ಗತಿ ಏನು. ಊರಿನ ಮಾತಿನಲ್ಲಿ ಮೂರೂ ಕಲಸಿಹೋಗುತ್ತವೆ. ಬಿಡಿಸಿ ನೋಡೋಣ.

ಮೊದಲು ನಡುಕದ ವಿಷಯ. ಸೇತುವೆ ನಡುಗಿದರೆ ಬೀಳುತ್ತದೆ ಅನ್ನುವುದು ತಪ್ಪು. ಭಾರ ಬಿದ್ದಾಗ ತೊಲೆ ಬಾಗಲೇಬೇಕು, ಭಾರ ಹೋದಾಗ ಮೇಲೇಳಬೇಕು. ನಮ್ಮ ನಿಯಮದ ಪ್ರಕಾರ ವಾಹನಗಳ ಭಾರಕ್ಕೆ ತೊಲೆ ತನ್ನ ಉದ್ದದ ಎಂಟುನೂರನೇ ಒಂದು ಪಾಲಿನಷ್ಟು ಬಾಗಬಹುದು. ಅಂದರೆ ಒಂದು ಕಂಬದಿಂದ ಇನ್ನೊಂದಕ್ಕೆ 40 ಮೀಟರ್ ಇದ್ದರೆ 50 ಮಿಲಿಮೀಟರ್, ಎರಡು ಇಂಚು. ಓಡುವ ಬಸ್ಸಿನಲ್ಲಿ ಇದು ತಿಳಿಯುವುದಿಲ್ಲ. ನಿಂತ ಬಸ್ಸಿನಲ್ಲಿ ಕಾಲಿಗೆ ತಿಳಿಯುತ್ತದೆ. ಧಡ್ ಧಡ್ ಅಂತ ಕೇಳಿಸುವ ಸದ್ದು ಹೆಚ್ಚಾಗಿ ಎರಡು ತೊಲೆಗಳ ನಡುವಿನ ಜಾಯಿಂಟಿನದು. ಅದು ರಿಪೇರಿಯಾಗಬೇಕು ನಿಜ, ಆದರೆ ಅದರಿಂದ ಸೇತುವೆ ಬೀಳುವುದಿಲ್ಲ.

ಹೆದರಬೇಕಾದ ಗುರುತುಗಳು ಬೇರೆ ಇವೆ, ಅವು ಬಸ್ಸಿನಿಂದ ಕಾಣುವುದಿಲ್ಲ. ಇಳಿತದ ಹೊತ್ತಿಗೆ ದಡದಲ್ಲಿ ನಿಂತು ಸೇತುವೆಯ ಹೊಟ್ಟೆ ನೋಡಿ. ತೊಲೆಯ ಕೆಳಗೆ ಕೆಂಪು ಕಂದು ಕಲೆ ಇಳಿದಿದೆಯಾ? ಸಿಮೆಂಟ್ ಹಲ್ಲೆ ಉದುರಿ ಒಳಗಿನ ಸರಳು ಕಾಣುತ್ತಿದೆಯಾ? ನೀರು ಹೋಗುವ ತೂಬಿನ ಬಾಯಲ್ಲಿ ಅಶ್ವತ್ಥದ ಗಿಡ ಬೇರು ಬಿಟ್ಟಿದೆಯಾ? ಆಮೇಲೆ ಸೇತುವೆಯ ಒಂದು ತುದಿಗೆ ಹೋಗಿ, ಕೈಪಿಡಿ ಗೋಡೆಯ ಮೇಲಂಚಿಗೆ ಕಣ್ಣು ಸಮ ಇಟ್ಟು ಉದ್ದಕ್ಕೂ ನೋಡಿ. ಮೊದಲು ನೇರ ಇದ್ದ ಗೆರೆ ಎಲ್ಲಾದರೂ ಹೊಸದಾಗಿ ತಗ್ಗಿದ್ದರೆ ಅದು ಗಂಭೀರ. ಫೋಟೋ ತೆಗೆದು, ತಾರೀಕು ಬರೆದು, ಜಿಲ್ಲಾಡಳಿತಕ್ಕೆ ಬರಹದಲ್ಲಿ ಕೊಡಿ.

ಕಾಳಿಯ ಹಳೇ ಸೇತುವೆ 1983ರದ್ದು. 2024ರ ಆಗಸ್ಟ್ 7ರ ನಸುಕಿನಲ್ಲಿ ಬಿತ್ತು. ಲಾರಿಯ ಜೊತೆ ಹೊಳೆಗೆ ಬಿದ್ದ ಚಾಲಕ ಬದುಕಿದ್ದು ದೊಡ್ಡ ಪುಣ್ಯ. 41 ವರ್ಷ ಅನ್ನುವುದು ಸೇತುವೆಗೆ ಮುಪ್ಪಿನ ವಯಸ್ಸಲ್ಲ. ಈಗಿನ ನಿಯಮದಲ್ಲಿ ನಾವು ನೂರು ವರ್ಷಕ್ಕೆ ಅಂತ ವಿನ್ಯಾಸ ಮಾಡುತ್ತೇವೆ. ಆದರೆ ಅಳಿವೆಯ ಹತ್ತಿರ ಉಪ್ಪುನೀರು, ಉಪ್ಪುಗಾಳಿ. ಉಪ್ಪು ಕಾಂಕ್ರೀಟಿನೊಳಗೆ ನಿಧಾನವಾಗಿ ಇಳಿದು ಸರಳಿಗೆ ಮುಟ್ಟುತ್ತದೆ. ಸರಳು ತುಕ್ಕು ಹಿಡಿದರೆ ಉಬ್ಬುತ್ತದೆ, ಉಬ್ಬಿದರೆ ಮೇಲಿನ ಕಾಂಕ್ರೀಟ್ ಒಡೆಯುತ್ತದೆ, ಒಡೆದ ಕಡೆಯಿಂದ ಇನ್ನಷ್ಟು ಉಪ್ಪು ಒಳಗೆ. ಕರಾವಳಿಯ ಸೇತುವೆಗಳಿಗೆ ಇದೇ ಕಾಯಿಲೆ. ಹೊಸ ಸೇತುವೆ ಬರಲಿ ಬಿಡಲಿ, ಹಳೆಯದರ ತಪಾಸಣೆ ವರದಿ ಕೇಳುವುದು ನಿಮ್ಮ ಮೊದಲ ಕೆಲಸ. ಹೊಸದು ಬಂದ ಮೇಲೂ ನೀವು ಹಳೆಯದರ ಮೇಲೇ ಓಡಾಡುತ್ತೀರಿ, ಅಲ್ವಾ?

ಹಳೆಯದನ್ನೇ ಅಗಲ ಮಾಡುವ ಮಾತು ಕೇಳಲು ಚಂದ. ಆದರೆ ಅಗಲ ಮಾಡುವುದು ಅಂದರೆ ಹೊಸ ಕಂಬ, ಹೊಸ ಅಡಿಪಾಯ ಹಾಕಿ ಹಳೆಯದಕ್ಕೆ ಹೊಲಿಯುವುದು. ಹಳೇ ಕಂಬ ಕೂರುವಷ್ಟು ಎಂದೋ ಕೂತಾಗಿದೆ. ಹೊಸದು ಇನ್ನು ಮೇಲೆ ಕೂರಬೇಕು. ಕೆಲವೇ ಮಿಲಿಮೀಟರ್ ವ್ಯತ್ಯಾಸ ಬಂದರೂ ಹೊಲಿಗೆಯ ಉದ್ದಕ್ಕೂ ಬಿರುಕು. ಸಣ್ಣ ತೋಡಿನ ಸೇತುವೆಗೆ ಇದು ನಡೆಯುತ್ತದೆ. ನೇತ್ರಾವತಿಯಂಥ ಹೊಳೆಗೆ, ಅದೂ ವಾಹನ ಓಡುತ್ತಿರುವಾಗ, ನಾನಂತೂ ಸಲಹೆ ಕೊಡುವುದಿಲ್ಲ.

ಇನ್ನು ಟ್ರಾಫಿಕ್. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ನಿಮ್ಮ ಕಡೆ ಕಿಂಡಿ ಅಣೆಕಟ್ಟು ಎಲ್ಲರಿಗೂ ಗೊತ್ತು. ಕಟ್ಟದ ಹಿಂದೆ ಎಷ್ಟೇ ನೀರಿರಲಿ, ಹಲಗೆ ಎಷ್ಟು ತೆಗೆದಿದ್ದೀರೋ ಅಷ್ಟೇ ನೀರು ಮುಂದೆ ಹೋಗುತ್ತದೆ. ರಸ್ತೆಯೂ ಹಾಗೇ. ಬಸ್ಸು ನಿಲ್ಲುವುದು ಸೇತುವೆ ಮೇಲೆ, ಆದರೆ ಅದನ್ನು ನಿಲ್ಲಿಸಿರುವುದು ಸೇತುವೆಯಲ್ಲ. ಮುಂದೆ ಪಂಪ್‌ವೆಲ್ಲಿನಲ್ಲಿ ಕಂಕನಾಡಿ ಕಡೆಗೆ ತಿರುಗುವ ವಾಹನ, ಬೆಂಗಳೂರು ಹೆದ್ದಾರಿಯಿಂದ ಬಂದು ಸೇರುವ ವಾಹನ, ರಸ್ತೆಯಲ್ಲೇ ನಿಂತು ಜನ ಹತ್ತಿಸುವ ಬಸ್ಸು, ಇವೆಲ್ಲ ಸೇರಿ ಕಿಂಡಿ ಕಿರಿದಾಗುತ್ತದೆ. ಡಿವೈಡರ್ ಇರುವ ನಾಲ್ಕು ಪಥದ ನಗರದ ಮುಖ್ಯರಸ್ತೆ ಗಂಟೆಗೆ ಎರಡೂ ಕಡೆ ಸೇರಿ ಸುಮಾರು 3,600 ಕಾರುಗಳನ್ನು ಸಾಗಿಸುತ್ತದೆ, ಆರು ಪಥದ್ದು 5,400 ಅಂತ ರಸ್ತೆ, ಸೇತುವೆಗಳ ನಿಯಮ ಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಲೆಕ್ಕ. ಬಸ್ಸು, ಲಾರಿ, ಬೈಕುಗಳನ್ನೂ ಕಾರಿನ ಲೆಕ್ಕಕ್ಕೆ ಇಳಿಸಿ ಇದನ್ನು ಎಣಿಸುತ್ತಾರೆ. ಆದರೆ ಮುಂದಿನ ಜಂಕ್ಷನ್ನಿನಲ್ಲಿ ಅರ್ಧ ಹೊತ್ತು ನಿಲ್ಲಬೇಕಾದರೆ ಈ ಅಂಕಿ ಅರ್ಧಕ್ಕೆ ಇಳಿಯುತ್ತದೆ. ಸೇತುವೆಯನ್ನು ಹನ್ನೆರಡು ಪಥ ಮಾಡಿದರೂ ಅಷ್ಟೇ. ಕಾಯುವ ಸಾಲು ಅಗಲವಾಗುತ್ತದೆ, ನಿಮಗೆ ಮೊದಲ ಬೆಲ್ ಸಿಗುವುದಿಲ್ಲ.

ಪಂಪ್‌ವೆಲ್ ಮೇಲ್ಸೇತುವೆಗೆ ಊರು ಎಷ್ಟು ವರ್ಷ ಕಾಯಿತು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. 2020ರ ಜನವರಿ 31ರಂದು ತೆರೆಯಿತು. ಉಡುಪಿ ಕಡೆಗೆ ನೇರ ಹೋಗುವವರಿಗೆ ಅದರಿಂದ ನಿಜವಾಗಿ ಅನುಕೂಲವಾಯಿತು. ನಗರದೊಳಗೆ ಹೋಗುವವರು ಮಾತ್ರ ಮೊದಲಿನ ಹಾಗೆ ಅದರ ಕೆಳಗೇ ತಿರುಗಬೇಕು. ನೀವೂ ಅವರಲ್ಲಿ ಒಬ್ಬರು.

ಆದ್ದರಿಂದ ಸೇತುವೆ ಯೋಜನೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಒಂದು ಪ್ರಶ್ನೆ: ಈ ವಾಹನಗಳು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತಿವೆ? ತಲಪಾಡಿ ದಾಟಿ ಬಂದು ಉಡುಪಿಗೆ ಹೋಗುವ ಲಾರಿ, ಕಾಸರಗೋಡಿನಿಂದ ಮಂಗಳೂರಿನ ಆಸ್ಪತ್ರೆಗೆ ಓಡುವ ಆಂಬುಲೆನ್ಸ್, ದೇರಳಕಟ್ಟೆ ಕೊಣಾಜೆಯ ಕಾಲೇಜುಗಳಿಗೆ ನಗರದಿಂದ ಎದುರು ದಿಕ್ಕಿಗೆ ಹೋಗುವ ವಿದ್ಯಾರ್ಥಿಗಳು, ಬಂದರಿನ ಮೀನಿನ ಗಾಡಿ, ಹಂಪನಕಟ್ಟೆಗೆ ಹೋಗುವ ನೀವು. ಎಲ್ಲರೂ ಒಂದೇ ಸೇತುವೆ ಮೇಲೆ ಇದ್ದೀರಿ, ಆದರೆ ಎಲ್ಲರಿಗೂ ಬೇಕಾದ ದಾರಿ ಒಂದೇ ಅಲ್ಲ. ಇದನ್ನು ತಿಳಿಯಲು ಸರ್ವೆ ಮಾಡುತ್ತೇವೆ. ರಸ್ತೆ ಬದಿಯಲ್ಲಿ ಕೊಡೆ ಹಿಡಿದು ನಿಂತು, ಐದೈದು ಗೀಟು ಹಾಕಿ ವಾಹನ ಎಣಿಸುವ ಹುಡುಗರನ್ನು ನೀವು ನೋಡಿರಬಹುದು. ಎಣಿಕೆ ಅರ್ಧ ಕೆಲಸ. ವಾಹನ ನಿಲ್ಲಿಸಿ "ಎಲ್ಲಿಂದ ಬಂದ್ರಿ, ಎಲ್ಲಿಗೆ ಹೊರಟ್ರಿ" ಅಂತ ಕೇಳುವುದು ಉಳಿದರ್ಧ. ಈ ಉಳಿದರ್ಧವನ್ನೇ ಗಡಿಬಿಡಿಯಲ್ಲಿ ಮುಗಿಸುತ್ತಾರೆ. ಶಾಲೆಗೆ ರಜೆ ಇರುವ ಮೇ ತಿಂಗಳಲ್ಲಿ ಸರ್ವೆ ಮಾಡಿದ್ದನ್ನು ನಾನೇ ನೋಡಿದ್ದೇನೆ. ಆ ಲೆಕ್ಕದಲ್ಲಿ ನಿಮ್ಮ ಬಸ್ಸೇ ಇರುವುದಿಲ್ಲ!

ಈಗ ದಾರಿಗಳನ್ನು ನೋಡೋಣ.

ಈಗಿನ ಜೋಡಿ ಸೇತುವೆಯ ಪಕ್ಕದಲ್ಲೇ ಇನ್ನೊಂದು ಕಟ್ಟುವುದು ಎಲ್ಲರ ಬಾಯಲ್ಲೂ ಮೊದಲು ಬರುವ ಮಾತು. ಹೆದ್ದಾರಿ ಅಲ್ಲೇ ಇದೆ, ಜಾಗ ಹುಡುಕುವ ತಲೆನೋವು ಕಡಿಮೆ. ಹಳೆಯದನ್ನು ಮುಚ್ಚಿ ರಿಪೇರಿ ಮಾಡಬೇಕಾದಾಗ ಅದು ಊರನ್ನು ಕಾಪಾಡುತ್ತದೆ. ಬದಲಿ ಇಲ್ಲದೆ ಹಳೇ ಸೇತುವೆಗೆ ಕೈ ಹಾಕಿದರೆ ಏನಾಗುತ್ತದೆ ಅಂತ, ಇದೇ ಹೆದ್ದಾರಿಯ ಇನ್ನೊಂದು ಹಳೇ ಸೇತುವೆ ಇರುವ ಕೂಳೂರಿನವರನ್ನು ಕೇಳಿ. ಆದರೆ ಟ್ರಾಫಿಕ್ಕಿಗೆ ಇದು ಮದ್ದಲ್ಲ. ಮೂರು ಸೇತುವೆಯೂ ಒಂದೇ ಬಾಯಿಗೆ ಸುರಿಯುತ್ತವೆ. ಹಳೇ ಅಡಿಪಾಯದ ಪಕ್ಕದಲ್ಲಿ ಹೊಸದನ್ನು ಇಳಿಸುವಾಗ ತಳದ ಕೊರೆತವನ್ನೂ ತುಂಬಾ ಜಾಗ್ರತೆಯಿಂದ ಲೆಕ್ಕ ಹಾಕಬೇಕು. ಹೊಸ ಕಂಬಗಳು ಹಳೇ ಕಂಬಗಳ ಸಾಲಿಗೇ ಬರಬೇಕು. ಅಡ್ಡಾದಿಡ್ಡಿ ಬಂದರೆ ನೀರು ಸುಳಿ ಸುತ್ತಿ ಎರಡರ ಬುಡವನ್ನೂ ತಿನ್ನುತ್ತದೆ.

ಕೋಟೆಪುರ–ಬೋಳಾರದ ಪ್ರಸ್ತಾಪ ಬೇರೆ ಜಾತಿಯದ್ದು. ಉಳ್ಳಾಲದವರು ತೊಕ್ಕೊಟ್ಟಿಗೆ ಬಂದು, ಸೇತುವೆ ದಾಟಿ, ಪಂಪ್‌ವೆಲ್ ಸುತ್ತಿ ಬಂದರಿಗೆ ಹೋಗುವ ಸುತ್ತು ತಪ್ಪುತ್ತದೆ. ಹೊಸ ದಾರಿ, ಹೊಸ ಬಾಯಿ. ಸೇತುವೆಯಿಂದ ಟ್ರಾಫಿಕ್ ಹಂಚಿಹೋಗುವುದು ಅಂದರೆ ಇದೇ. ಆದರೆ ಅಪಾಯಗಳೂ ಅಲ್ಲೇ ಜಾಸ್ತಿ. ಅದು ಅಳಿವೆ ಬಾಗಿಲಿನ ಹತ್ತಿರ, ಉಪ್ಪಿನ ಕಾಟ ಎಲ್ಲಕ್ಕಿಂತ ಹೆಚ್ಚು. ಮೀನುಗಾರಿಕೆ ದೋಣಿಗಳು ಓಡಾಡುವ ನೀರು. ನೇತ್ರಾವತಿ 2016ರ ಕಾಯ್ದೆಯಲ್ಲಿ ರಾಷ್ಟ್ರೀಯ ಜಲಮಾರ್ಗದ ಪಟ್ಟಿಯಲ್ಲೂ ಇದೆ. ಹಾಗಾಗಿ ಸೇತುವೆ ಎತ್ತರ ಇರಬೇಕು. ಎತ್ತರ ಇದ್ದರೆ ಇಳಿಜಾರು ರಸ್ತೆ ಉದ್ದ ಬೇಕು. ಉದ್ದ ಬಂದಷ್ಟೂ ಊರೊಳಗೆ ಮನೆ, ಅಂಗಡಿ ಹೋಗುತ್ತವೆ. ಕರಾವಳಿ ನಿಯಂತ್ರಣ ವಲಯದ ಅನುಮತಿ ಬೇಕು. ಎಲ್ಲ ಆದ ಮೇಲೂ ವಾಹನ ಇಳಿಯುವುದು ಬೋಳಾರ, ಮಂಗಳಾದೇವಿಯ ಕಿರಿದಾದ ರಸ್ತೆಗೆ. ಆ ರಸ್ತೆಗಳ ಯೋಜನೆ ಇಲ್ಲದೆ ಬರೀ ಸೇತುವೆಯ ಚಿತ್ರ ತೋರಿಸಿದರೆ ಒಪ್ಪಬೇಡಿ.

ಮೂರನೆಯದರ ಬಗ್ಗೆ ಜನ ಮಾತಾಡುವುದು ಕಡಿಮೆ. ಮೇಲ್ಗಡೆ ಹರೇಕಳ–ಅಡ್ಯಾರ್ ನಡುವೆ ಕಿಂಡಿ ಅಣೆಕಟ್ಟಿನ ಜೊತೆಗೇ ಸೇತುವೆ ಆಗಿದೆ. ಉಪ್ಪುನೀರು ಮೇಲೆ ಬರದಂತೆ ತಡೆಯುವುದೂ ಆಯಿತು, ಹೊಳೆ ದಾಟುವುದೂ ಆಯಿತು. ಕೊಣಾಜೆ, ದೇರಳಕಟ್ಟೆಯಿಂದ ಬಂಟ್ವಾಳ, ಬೆಂಗಳೂರು ಕಡೆಗೆ ಹೋಗುವವರು ತೊಕ್ಕೊಟ್ಟು, ಪಂಪ್‌ವೆಲ್‌ಗೆ ಬರುವ ಅಗತ್ಯವೇ ಇಲ್ಲ. ಈ ದಾರಿಯ ಎರಡೂ ಬದಿಯ ರಸ್ತೆಯನ್ನು ಅಗಲ ಮಾಡಿ, ತಿರುವು ಸರಿಮಾಡಿ, ದೀಪ ಹಾಕಿದರೆ ನಿಮ್ಮ ಸೇತುವೆಯ ಭಾರ ಇಳಿಯುತ್ತದೆ. ಹೊಸ ಸೇತುವೆಯ ಖರ್ಚಿಗೆ ಹೋಲಿಸಿದರೆ ಇದು ಏನೂ ಅಲ್ಲ. ಬೇಗ ಮುಗಿಯುತ್ತದೆ ಕೂಡ. ನನ್ನನ್ನು ಕೇಳಿದರೆ ಕೆಲಸ ಇಲ್ಲಿಂದ ಶುರುವಾಗಬೇಕು.

ಜೊತೆಗೆ ಜೆಪ್ಪು ಮಹಾಕಾಳಿಪಡ್ಪಿನ ದಾರಿ. ರೈಲ್ವೆ ಗೇಟಿನಿಂದಾಗಿ ವರ್ಷಗಟ್ಟಲೆ ಜನ ಅದನ್ನು ಬಿಟ್ಟು ಪಂಪ್‌ವೆಲ್‌ಗೇ ಹೋದರು. ಅಲ್ಲಿ ಕೆಳಸೇತುವೆ ಕೆಲಸ ಕೈಗೆತ್ತಿಕೊಂಡದ್ದು ಇದೇ ಕಾರಣಕ್ಕೆ. ಹೊಳೆ ದಾಟಿದ ಕೂಡಲೇ ನಗರಕ್ಕೆ ಎರಡನೇ ಬಾಯಿ ಸಿಗುತ್ತದೆ. ನಿಮಗೆ, ನಿಮ್ಮ ಬಸ್ಸಿಗೆ, ಹೊಸ ಸೇತುವೆಗಿಂತ ಹೆಚ್ಚು ಉಪಯೋಗ ಇದರಿಂದಲೇ ಆಗಬಹುದು.

ಒಂದು ಮಾತು ಮುಚ್ಚಿಡದೆ ಹೇಳಬೇಕು. ಹೊಸ ಸೇತುವೆ ಕೊಡುವ ಆರಾಮ ಶಾಶ್ವತ ಅಲ್ಲ. ದಾರಿ ಸಲೀಸಾದ ಕೂಡಲೇ ಬಸ್ಸಿನವರು ಬೈಕು ತೆಗೆಯುತ್ತಾರೆ, ಬೈಕಿನವರು ಕಾರು ತೆಗೆಯುತ್ತಾರೆ, ಹೊಳೆಯ ಆಚೆ ಅಪಾರ್ಟ್‌ಮೆಂಟ್ ಏಳುತ್ತವೆ. ನಾನು ಕೆಲಸ ಮಾಡಿದ ಎಲ್ಲ ಬೆಳೆಯುವ ಊರುಗಳಲ್ಲೂ ಇದನ್ನು ನೋಡಿದ್ದೇನೆ. ಇದರರ್ಥ ಸೇತುವೆ ಬೇಡ ಅಂತಲ್ಲ. ಸೇತುವೆ ಕಟ್ಟುವ ದಿನವೇ ಅದರ ಮೇಲೆ ಬಸ್ಸಿಗೆ ಒಂದು ಪಥ ಬಿಡಿ, ನಡೆಯುವವರಿಗೆ ಸರಿಯಾದ ಕಾಲುದಾರಿ ಬಿಡಿ ಅಂತ. ಐವತ್ತು ಜನ ಕೂತ ಬಸ್ಸು ಒಬ್ಬರೇ ಕೂತ ಕಾರಿನ ಹಿಂದೆ ಯಾಕೆ ಕಾಯಬೇಕು?

ಇನ್ನು ನಿಮ್ಮ ಅತ್ತೆಯವರ ಮಾತು. ಅವರು ಹೇಳಿದ್ದರಲ್ಲಿ ಸತ್ಯ ಇದೆ, ಆದರೆ ತಪ್ಪಿತಸ್ಥರು ಕಂಬಗಳಲ್ಲ. ಕಂಬ ಹೊಳೆಯಲ್ಲಿ ಹಿಡಿಯುವ ಜಾಗ ಕಡಿಮೆ. ಅದರಿಂದ ಏರುವ ನೀರು ಸಾಮಾನ್ಯವಾಗಿ ಕೆಲವೇ ಸೆಂಟಿಮೀಟರ್. ನಿಜವಾಗಿ ನೀರು ಕಟ್ಟುವುದು ಸೇತುವೆಗೆ ಹತ್ತುವ ರಸ್ತೆ. ಹೊಳೆಬದಿಯ ತಗ್ಗು ಗದ್ದೆ, ತೋಟಗಳಿಗೆ ಅಡ್ಡಲಾಗಿ ಹದಿನೈದು ಇಪ್ಪತ್ತು ಅಡಿ ಎತ್ತರ ಮಣ್ಣು ತುಂಬಿ ರಸ್ತೆ ಎಬ್ಬಿಸುತ್ತಾರೆ. ನೆರೆ ಬಂದಾಗ ಹೊಳೆ ಮೊದಲು ಹರಡುತ್ತಿದ್ದದ್ದು ಆ ತಗ್ಗಿಗೇ. ಈಗ ಅಲ್ಲಿ ಗೋಡೆ. ನೀರು ಹಿಂದಕ್ಕೆ ನಿಲ್ಲುತ್ತದೆ, ಜಗಲಿ ಹತ್ತುತ್ತದೆ. ಇದಕ್ಕೆ ಪರಿಹಾರ ಇದೆ: ತಗ್ಗು ಜಾಗದ ಮೇಲೂ ಮಣ್ಣಿನ ಬದಲು ಕಂಬದ ಮೇಲೇ ರಸ್ತೆ ಒಯ್ಯುವುದು. ಖರ್ಚು ಜಾಸ್ತಿ. ಅಂದಾಜು ಪಟ್ಟಿಯಲ್ಲಿ ಹಣ ಉಳಿಸಲು ಮೊದಲು ಕತ್ತರಿ ಬೀಳುವುದೂ ಇದಕ್ಕೇ. ಮೀಟಿಂಗಿನಲ್ಲಿ ನೀವು ಗಟ್ಟಿಯಾಗಿ ಹಿಡಿಯಬೇಕಾದ ವಿಷಯ ಇದು.

ಇನ್ನೊಂದು ಅಪಾಯ ಕೆಲಸ ನಡೆಯುವಾಗಿನದು. ನೀರಿನ ಮಧ್ಯೆ ಯಂತ್ರ ನಿಲ್ಲಿಸಲು ಹೊಳೆಗೆ ಮಣ್ಣು ತುಂಬಿ ದಿಬ್ಬ ಮಾಡುತ್ತಾರೆ. ಮಳೆಗಾಲಕ್ಕೆ ಮೊದಲು ಅದನ್ನು ಪೂರ್ತಿ ತೆಗೆಯಬೇಕು. ನಾನು ಮೇಲ್ವಿಚಾರಣೆಗೆ ಹೋದ ಒಂದು ಕಡೆ ಜೂನ್ ಬಂದರೂ ದಿಬ್ಬ ಅರ್ಧ ಹಾಗೇ ಇತ್ತು. ಹೊಳೆ ಪಕ್ಕಕ್ಕೆ ತಿರುಗಿ ಒಂದೇ ವಾರದಲ್ಲಿ ಎದುರು ದಡದ ಏಳು ತೆಂಗಿನಮರ ತೆಗೆದುಕೊಂಡು ಹೋಯಿತು. ಆ ಮನೆಯ ಅಜ್ಜಿ ನನ್ನ ಹತ್ತಿರ ಜಗಳ ಆಡಲಿಲ್ಲ. ಬುಡ ಕಿತ್ತ ಜಾಗವನ್ನು ಕೈಯಲ್ಲಿ ತೋರಿಸಿದರು, ಅಷ್ಟೇ. ಅದು ಇವತ್ತಿಗೂ ನನ್ನ ಕಣ್ಣಮುಂದಿದೆ. ದಿಬ್ಬ ತೆಗೆಯುವ ತಾರೀಕು ಟೆಂಡರಿನಲ್ಲೇ ಇರಬೇಕು ಅಂತ ಕೇಳಿ.

ನೆರೆಯ ಲೆಕ್ಕವನ್ನೂ ಸ್ವಲ್ಪ ತಿಳಿದುಕೊಳ್ಳಿ. ದೊಡ್ಡ ಸೇತುವೆಗೆ ನೂರು ವರ್ಷದ ನೆರೆ ಹಿಡಿಯುತ್ತಾರೆ. ನೂರು ವರ್ಷಕ್ಕೊಮ್ಮೆ ಮಾತ್ರ ಬರುತ್ತದೆ ಅಂತ ಇದರ ಅರ್ಥ ಅಲ್ಲ. ಯಾವ ವರ್ಷವಾದರೂ ಬರುವ ಸಾಧ್ಯತೆ ನೂರಕ್ಕೆ ಒಂದು ಅಂತ. ಐವತ್ತು ವರ್ಷದಲ್ಲಿ ಒಮ್ಮೆಯಾದರೂ ಬರುವ ಸಾಧ್ಯತೆ ಹತ್ತಿರಹತ್ತಿರ 40% ಆಗುತ್ತದೆ. ನೇತ್ರಾವತಿಗೆ 1923ರಲ್ಲೂ, 1974ರಲ್ಲೂ ಮಹಾಪೂರ ಬಂದದ್ದು ಹಿರಿಯರ ನೆನಪಿನಲ್ಲಿದೆ. ಆ ನೆರೆಯ ಮಟ್ಟದಿಂದಲೇ ಅಡಿಪಾಯದ ಆಳ ಲೆಕ್ಕ ಹಾಕುವುದು. ನೆರೆಯಲ್ಲಿ ಹೊಳೆಯ ತಳ, ನೆರೆ ಮಟ್ಟದಿಂದ ಅಳೆದರೆ, ಸರಾಸರಿ 9 ಮೀಟರ್ ಆಳಕ್ಕೆ ಕೊರೆಯುತ್ತದೆ ಅಂತ ಇಟ್ಟುಕೊಳ್ಳಿ. ಕಂಬದ ಬುಡದಲ್ಲಿ ಅದರ ಎರಡು ಪಟ್ಟು, 18 ಮೀಟರ್ ಹಿಡಿಯಬೇಕು. ಅದರ ಕೆಳಗೆ ಹಿಡಿತಕ್ಕೆ ಇನ್ನೂ ಮೂರನೇ ಒಂದು ಪಾಲು, 6 ಮೀಟರ್. ಒಟ್ಟು ನೆರೆ ಮಟ್ಟದಿಂದ 24 ಮೀಟರ್ ಕೆಳಗೆ, ಬಾವಿಯ ಹಾಗೆ ನೆಲಕ್ಕೆ ಇಳಿಸುವ ಅಡಿಪಾಯ ಕೂರಬೇಕು. ಈಗ ಯೋಚಿಸಿ, ಇಷ್ಟು ಲೆಕ್ಕ ಹಾಕಿ ಕೂರಿಸಿದ ಕಂಬದ ಬುಡದಿಂದ ರಾತ್ರಿ ಹೊತ್ತು ಹೊಯ್ಗೆ ತೆಗೆದರೆ? ಫಲ್ಗುಣಿ ಹೊಳೆಯ ಮೂಲರಪಟ್ನ ಸೇತುವೆ 2018ರ ಜೂನ್‌ನಲ್ಲಿ ಕುಸಿದಾಗ ಊರಿನವರು ಬೆರಳು ತೋರಿಸಿದ್ದು ಮರಳು ತೆಗೆಯುವವರ ಕಡೆಗೇ. ಸೇತುವೆ ಬೇಕು ಅನ್ನುವ ಊರು ಸೇತುವೆ ಬುಡದ ಹೊಯ್ಗೆಯನ್ನೂ ಕಾಯಬೇಕಾಗುತ್ತದೆ.

ನಿಮ್ಮ ಹತ್ತು ಸೆಂಟ್ಸ್ ಉಳಿಯುತ್ತದೋ ಇಲ್ಲವೋ ಅನ್ನುವುದು ಯಾವ ಜಾಗ ಆರಿಸುತ್ತಾರೆ ಅನ್ನುವುದರ ಮೇಲೆ ನಿಂತಿದೆ. ಈಗಿನ ಸೇತುವೆ ಪಕ್ಕದಲ್ಲೇ ಆದರೆ ಕಲ್ಲಾಪು ಬದಿಯಲ್ಲಿ ಸ್ವಲ್ಪ ಹೋಗಬಹುದು. ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಡಿ ಅಧಿಸೂಚನೆ ಬಂದರೆ ಆಕ್ಷೇಪಣೆಗೆ ಸಿಗುವುದು 21 ದಿನ ಮಾತ್ರ. 2013ರ ಭೂಸ್ವಾಧೀನ ಕಾಯ್ದೆಯಡಿ ಆದರೆ 60 ದಿನ. ಆರ್‌ಟಿಸಿ, ನಕ್ಷೆ, ತೆಂಗಿನಮರಗಳ ಲೆಕ್ಕ, ಬಾವಿ, ಮನೆ ತೆರಿಗೆ ರಸೀದಿ ಈಗಲೇ ಒಂದು ಕವರಿನಲ್ಲಿ ಹಾಕಿಡಿ. ಆರ್‌ಟಿಸಿ ಇನ್ನೂ ತೀರಿಹೋದ ಹಿರಿಯರ ಹೆಸರಿನಲ್ಲಿದ್ದರೆ ಈ ತಿಂಗಳೇ ಬದಲಾಯಿಸಿ. ಪರಿಹಾರ ತಡವಾಗುವುದು ಹೆಚ್ಚಾಗಿ ಈ ಒಂದೇ ಕಾರಣಕ್ಕೆ.

ಎಷ್ಟು ವರ್ಷ ಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕರಾವಳಿಯಲ್ಲಿ ಹೊಳೆಯೊಳಗೆ ಕೆಲಸ ನಡೆಯುವುದು ಮಳೆ ಬಿಟ್ಟ ಮೇಲೆ, ಮೇ ಕೊನೆಯವರೆಗೆ ಮಾತ್ರ. ಶರಾವತಿ ಹಿನ್ನೀರಿನ ಸಿಗಂದೂರು ಸೇತುವೆಗೆ 2018ರಲ್ಲಿ ಶಂಕುಸ್ಥಾಪನೆ ಆಯಿತು, ಉದ್ಘಾಟನೆ ಆದದ್ದು 2025ರ ಜುಲೈನಲ್ಲಿ. ನಿಮ್ಮ ಈಗಿನ ಎಂಟನೇ ಕ್ಲಾಸಿನ ಮಕ್ಕಳು ಡಿಗ್ರಿ ಮುಗಿಸುವ ಹೊತ್ತಿಗೆ ಅಂತ ಇಟ್ಟುಕೊಳ್ಳಿ. ಅಲ್ಲಿಯವರೆಗೆ ಸುಮ್ನೆ ಕಾಯಬೇಕಾಗಿಲ್ಲ. ಹರೇಕಳದ ರಸ್ತೆ, ಜೆಪ್ಪಿನ ದಾರಿ, ಪಂಪ್‌ವೆಲ್ಲಿನ ಬಸ್ ನಿಲುಗಡೆ, ಇವಕ್ಕೆ ಹೊಳೆಯ ಅನುಮತಿ ಬೇಡ.

ಕೊನೆಗೆ ಒಂದು ಕೋರಿಕೆ. ನಿಮ್ಮ ಮನೆಯ ಕಂಬದಲ್ಲಿರುವ 1974ರ ಗೀಟು ನಮ್ಮಂಥವರಿಗೆ ದೊಡ್ಡ ಸಾಕ್ಷಿ. ಹಳೇ ನೆರೆಯ ಮಟ್ಟ ಹುಡುಕಲು ನಾವು ದೇವಸ್ಥಾನದ ಮೆಟ್ಟಿಲು, ಮಸೀದಿಯ ಗೋಡೆ, ಹಳೇ ಮನೆಯ ಬಾಗಿಲು ಅಂತ ಊರೂರು ಅಲೆಯುತ್ತೇವೆ. ಅದರ ಪಕ್ಕ ಅಳತೆ ಟೇಪು ಇಟ್ಟು, ನೆಲದಿಂದ ಎಷ್ಟು ಎತ್ತರ ಅಂತ ಕಾಣುವ ಹಾಗೆ ಫೋಟೋ ತೆಗೆಯಿರಿ. ಅತ್ತೆಯವರ ಮಾತನ್ನು ಬರೆದು ಅವರ ಸಹಿ ಹಾಕಿಸಿ. ಸರ್ವೆಯವರು ಬಂದ ದಿನ ಅದನ್ನು ಕೈಗೆ ಕೊಟ್ಟು, ಸ್ವೀಕರಿಸಿದ್ದಕ್ಕೆ ರಸೀದಿ ಪಡೆಯಿರಿ. ಅಲ್ಲಿಯವರೆಗೆ ಆ ಕಂಬಕ್ಕೆ ಪೈಂಟ್ ಹೊಡೆಸಬೇಡಿ.